ತೊರವಿಯ ನೀರು, ಎರೆಯ ನೆಲ, ಕ್ಯಾಂಪಸ್ಸಿನ ನಕ್ಷೆ

ವಿಜಯಪುರದ ಯಾವ ಕ್ಯಾಂಪಸ್ಸಿನಲ್ಲಾದರೂ ಹೊಸ ಬ್ಲಾಕ್ ಕಟ್ಟುವ ಮಾತು ಬಂದರೆ ಸಾಕು, ನೀರು, ಮರ, ಗೋಡೆ ಬಿರುಕು, ಪರಿಸರ ಅನುಮತಿ ಎಲ್ಲವೂ ಒಂದೇ ಸಭೆಯಲ್ಲಿ ಕಲಸಿಹೋಗುತ್ತವೆ. ಆದರೆ ಒಂದೊಂದರ ವಯಸ್ಸು ಬೇರೆ.

ಹಿರಿಯದು ನೀರು. ಇಲ್ಲಿ ಆಳಿದ ಆದಿಲ್‌ಶಾಹಿ ಸುಲ್ತಾನರು ಪಕ್ಕದ ತೊರವಿ ಕಡೆಯಿಂದ ನೆಲದಡಿ ಸುರಂಗ ಕೊರೆಸಿ ಊರಿಗೆ ನೀರು ತಂದರು. ನಡುವೆ ‘ಗಂಜ್’ ಎಂಬ ಗೋಪುರಗಳನ್ನು ಕಟ್ಟಿ ಒತ್ತಡ ತಗ್ಗಿಸಿದರು, ಹೂಳು ಇಳಿಸಿದರು. 1599ರಲ್ಲಿ ಸುಲ್ತಾನ ಎರಡನೇ ಇಬ್ರಾಹಿಂ ಅದೇ ಮಗ್ಗುಲಿಗೆ ನವರಸಪುರವೆಂಬ ಹೊಸ ನಗರ ಕಟ್ಟಿಸತೊಡಗಿದ. 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರನ ದಾಳಿಗೆ ಅದು ಹಾಳಾಯಿತು. ಮುಂದಿನ ನಾಲ್ಕು ಶತಮಾನ ಹೊಲ ಮತ್ತು ಹಾಳುಗೋಡೆಗಳದ್ದು. 2003ರಲ್ಲಿ ಹುಟ್ಟಿ, 2017ರಲ್ಲಿ ಅಕ್ಕಮಹಾದೇವಿಯ ಹೆಸರು ಪಡೆದ ಮಹಿಳಾ ವಿಶ್ವವಿದ್ಯಾಲಯ ಈಗ ಇರುವುದು ಈ ತೊರವಿಯಲ್ಲೇ.

ಬಿರುಕಿನ ಕಥೆ ನನಗೆ ಹೆಚ್ಚು ಗೊತ್ತು. ನಾನಿದ್ದ ಹಾಸ್ಟೆಲ್ಲಿನಲ್ಲಿ (ಯಾವುದೆಂಬುದು ಬೇಡ) ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಸೀಳು ಇಳಿದಿತ್ತು. ಮೇ ತಿಂಗಳಲ್ಲಿ ಅದರೊಳಗೆ ಬಸ್ ಪಾಸ್ ಸಿಕ್ಕಿಸಿಡುತ್ತಿದ್ದೆವು. ಮಳೆಗಾಲ ಮುಗಿಯುವ ಹೊತ್ತಿಗೆ ಹಾಳೆಯೂ ತೂರುತ್ತಿರಲಿಲ್ಲ. ಪ್ರತಿವರ್ಷ ಸಿಮೆಂಟ್ ಮೆತ್ತುವರು, ಪ್ರತಿವರ್ಷ ಅದು ಬಾಯಿಬಿಡುವುದು. ಇಲ್ಲಿನ ಕಪ್ಪು ಎರೆ ಮಣ್ಣಿನ ಗುಣವೇ ಅದು: ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಮೇಲಿನ ಗೋಡೆಯನ್ನೂ ಜೊತೆಗೆ ಎಳೆಯುತ್ತದೆ. ಎರೆ ತೆಗೆದು ಗರಸು ತುಂಬಬೇಕು, ಇಲ್ಲವೇ ತಳದಲ್ಲಿ ಉಬ್ಬಿರುವ ಕಾಂಕ್ರೀಟ್ ಕಂಬ (ಪೈಲ್) ನೆಲದೊಳಕ್ಕೆ ಇಳಿಸಬೇಕು. ಗೋಡೆಯ ಬುಡದಲ್ಲಿ ನೀರು ನಿಲ್ಲಬಾರದು. ಎಂಜಿನಿಯರುಗಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಆ ಹಣವೆಲ್ಲ ನೆಲದಡಿ ಹೋಗುತ್ತದೆ, ಉದ್ಘಾಟನೆಯ ದಿನ ಕಾಣುವುದಿಲ್ಲ. ಕಾಣುವುದು ಮುಂಭಾಗದ ಗಾಜು. ಹಳ್ಳಿಯ ಹಳೆ ಮನೆಗಳು ದಪ್ಪ ಕಲ್ಲುಗೋಡೆ, ಮಣ್ಣಿನ ಮೇಲ್ಮುದ್ದೆಯಿಂದ ತಡೆಯುತ್ತಿದ್ದ ಬಿಸಿಲನ್ನು ಈ ಗಾಜು ಒಳಗೇ ಕರೆದು ಕೂರಿಸುತ್ತದೆ. ಆಮೇಲೆ ಎಸಿಗೆ ಟೆಂಡರ್.

ಅನುಮತಿಯದು ಇತ್ತೀಚಿನ ಗೋಜಲು. 20,000 ಚದರ ಮೀಟರ್ ಮತ್ತು ಅದಕ್ಕೂ ಮೇಲ್ಪಟ್ಟ ನಿರ್ಮಾಣಕ್ಕೆ ಮೊದಲೇ ಪರಿಸರ ಅನುಮತಿ ಬೇಕೆಂದು 2006ರ ಕೇಂದ್ರದ ಅಧಿಸೂಚನೆ ಹೇಳಿತು. 2014ರಲ್ಲಿ ಶಾಲೆ, ಕಾಲೇಜು, ಹಾಸ್ಟೆಲ್‌ಗಳಿಗೆ ವಿನಾಯಿತಿ ಸಿಕ್ಕಿತು, ಮಳೆನೀರು ಕೊಯ್ಲು, ಕಸದ ವಿಲೇವಾರಿ ನೋಡಿಕೊಳ್ಳಿ ಎಂಬ ಮಾತಿನೊಂದಿಗೆ. ಜನವರಿ 2025ರಲ್ಲಿ ಹೊಸ ಅಧಿಸೂಚನೆಯಲ್ಲಿ ಬಂದ ಇಂಥದೇ ವಿನಾಯಿತಿಯನ್ನು ಅದೇ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿತು.

ಇನ್ನು ಮರ. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಅಂಕಗಳಲ್ಲಿ ಹಸಿರು ಕ್ಯಾಂಪಸ್ಸಿಗೂ ಪಾಲಿದೆ. ಹೀಗಾಗಿ ತಂಡ ಬರುವ ಮುಂಚೆ ಗುಂಡಿ ತೋಡುವ ಭರಾಟೆ. ಬೇಸಿಗೆಯಲ್ಲಿ ಟ್ಯಾಂಕರ್ ಯಾವ ಸಾಲಿಗೆ ಹೋಗುತ್ತದೋ ಅಲ್ಲಿನ ಬೇವು, ಹೊಂಗೆ ಉಳಿಯುತ್ತವೆ.

ಈಚೆಗೆ ಒಂದು ಮಾಸ್ಟರ್ ಪ್ಲ್ಯಾನ್ ನೋಡಿದೆ. ಪ್ರತಿ ಬ್ಲಾಕಿಗೂ ಒಂದೊಂದು ಬಣ್ಣ. ಮಳೆನೀರು ಹರಿಯುವ ಹಳ್ಳವನ್ನು ಯಾರೋ ಪೆನ್ಸಿಲ್ಲಿನಲ್ಲಿ ಎಳೆದಿದ್ದರು, ಅದರ ಮೇಲೇ ಬೈಕ್ ಪಾರ್ಕಿಂಗ್ ಬಂದಿತ್ತು.