ಕೇಬಲ್ಲೇ ಕಂಪನಮಾಪಕ: ಜ್ವಾಲಾಮುಖಿ ಮತ್ತು ಡಿಎಎಸ್

ಆಪ್ಟಿಕಲ್ ಫೈಬರ್ ಕೇಬಲ್‌ನಿಂದ ಭೂಕಂಪನ ಅಳೆಯುತ್ತಾರೆ ಎಂದು ಮೊದಲ ಸಲ ಓದಿದಾಗ, ಕೇಬಲ್ ಉದ್ದಕ್ಕೂ ಪುಟ್ಟ ಸೆನ್ಸರ್‌ಗಳನ್ನು ಕೂರಿಸಿರಬೇಕು ಅಂದುಕೊಂಡಿದ್ದೆ. ಹಾಗೇನೂ ಇಲ್ಲ, ಗಾಜಿನ ಎಳೆಯೇ ಸೆನ್ಸರ್. ಈ ವಿಧಾನಕ್ಕೆ ಡಿಸ್ಟ್ರಿಬ್ಯೂಟೆಡ್ ಅಕೌಸ್ಟಿಕ್ ಸೆನ್ಸಿಂಗ್, ಚಿಕ್ಕದಾಗಿ ಡಿಎಎಸ್ ಎಂದು ಹೆಸರು.

ಕೇಬಲ್‌ನ ಒಂದು ತುದಿಗೆ ಇಂಟರಾಗೇಟರ್ ಎಂಬ ಪೆಟ್ಟಿಗೆ ಜೋಡಿಸುತ್ತಾರೆ. ಅದು ಎಡೆಬಿಡದೆ ಲೇಸರ್ ಮಿಡಿತಗಳನ್ನು ಕಳಿಸುತ್ತಿರುತ್ತದೆ. ಗಾಜು ಎಷ್ಟೇ ಶುದ್ಧವಾಗಿದ್ದರೂ ಒಳಗೆ ಸೂಕ್ಷ್ಮ ಏರುಪೇರು ಇದ್ದೇ ಇರುತ್ತದೆ; ಅಲ್ಲಿ ಬೆಳಕಿನ ಒಂದು ಸಣ್ಣ ಪಾಲು ಚದುರಿ ಹಿಂದಕ್ಕೆ ಬರುತ್ತದೆ. ಇದು ರೇಲೀ ಚದುರಿಕೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಅಂದರೆ 1 ಕಿ.ಮೀ. ದೂರ ಹೋಗಿ ಬರಲು 10 ಮೈಕ್ರೋಸೆಕೆಂಡ್. ಎಷ್ಟು ಹೊತ್ತಿಗೆ ಮರಳಿತು ಎಂಬುದರಿಂದ ಎಲ್ಲಿಂದ ಮರಳಿತು ಎಂಬುದು ತಿಳಿಯುತ್ತದೆ. ಅದರ ಫೇಸ್ (ಬೆಳಕಿನ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದು) ಬದಲಾಗಿದ್ದರೆ ಆ ತುಂಡು ಹಿಗ್ಗಿದೆ ಅಥವಾ ಕುಗ್ಗಿದೆ. 10 ಮೀಟರ್ ತುಂಡು 10 ನ್ಯಾನೋಮೀಟರ್ ಹಿಗ್ಗಿದರೆ 1 ನ್ಯಾನೋಸ್ಟ್ರೇನ್, ಅಂದರೆ ಉದ್ದದ ನೂರು ಕೋಟಿಯಲ್ಲಿ ಒಂದು ಪಾಲು. ಇಷ್ಟು ಚಿಕ್ಕದೂ ಸಿಕ್ಕಿಬೀಳುತ್ತದೆ!

ಇಲ್ಲಿ ಅಡಿಗೆರೆ ಎಳೆದುಕೊಳ್ಳಿ: ಸಿಸ್ಮೋಮೀಟರ್ (ಮಾಮೂಲಿ ಕಂಪನಮಾಪಕ) ಒಂದು ಜಾಗದಲ್ಲಿ ನೆಲದ ಚಲನೆಯನ್ನು ಮೂರು ದಿಕ್ಕಿನಲ್ಲಿ ಅಳೆಯುತ್ತದೆ. ಡಿಎಎಸ್ ಸಾವಿರಾರು ಜಾಗಗಳಲ್ಲಿ ಅಳೆಯುತ್ತದೆ ನಿಜ, ಆದರೆ ಕೇಬಲ್ ಸಾಗುವ ದಿಕ್ಕಿನ ಹಿಗ್ಗು-ಕುಗ್ಗನ್ನು ಮಾತ್ರ. ಕೇಬಲ್‌ಗೆ ನೇರ ಅಡ್ಡವಾಗಿ ಬಂದ ಪಿ ತರಂಗ (ತಾನು ಸಾಗುವ ದಿಕ್ಕಿನಲ್ಲೇ ನೆಲವನ್ನು ಹಿಂದೆ ಮುಂದೆ ಅಲುಗಿಸುವ ಭೂಕಂಪನ ಅಲೆ) ಅದಕ್ಕೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ.

ಇಟಲಿಯ ಎಟ್ನಾ ಜ್ವಾಲಾಮುಖಿಯಲ್ಲಿ 2018ರಲ್ಲಿ ವಿಜ್ಞಾನಿಗಳು ಶಿಖರದ ಹತ್ತಿರ, ಸಡಿಲ ಜ್ವಾಲಾಮುಖಿ ಕಲ್ಲಪುಡಿಯಲ್ಲಿ ಕೇಬಲ್ ಹೂತು, ಸ್ಫೋಟಗಳ ಸಣ್ಣ ಕಂಪನಗಳನ್ನೂ ಹಿಡಿದರು. ಐಸ್‌ಲ್ಯಾಂಡಿನಲ್ಲಿ ಹಿಮನದಿಯಡಿ ಇರುವ ಗ್ರಿಮ್ಸ್‌ವೋಟ್ನ್ ಜ್ವಾಲಾಮುಖಿಯಲ್ಲಿ 2021ರಲ್ಲಿ 12 ಕಿ.ಮೀ. ಕೇಬಲ್ಲನ್ನು ಹಿಮನದಿಯ ಹಿಮದಲ್ಲೇ ಹೂತರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಐಸ್‌ಲ್ಯಾಂಡಿನ ಗ್ರಿಂಡಾವಿಕ್ ಊರಿನ ಉದಾಹರಣೆ. 2023ರ ನವೆಂಬರ್‌ನಲ್ಲಿ ಜ್ವಾಲಾಮುಖಿಯ ಭೀತಿಯಿಂದ ಊರು ಖಾಲಿಯಾಯಿತು. ಆಗ ಹೊಸದಾಗಿ ಏನನ್ನೂ ಹೂಳಲಿಲ್ಲ. ಮೊದಲೇ ಇದ್ದ ಸುಮಾರು 100 ಕಿ.ಮೀ. ಟೆಲಿಕಾಂ ಕೇಬಲ್‌ಗೆ ಇಂಟರಾಗೇಟರ್ ಜೋಡಿಸಿದರು. ಅಲ್ಲಿ ಮುಖ್ಯ ಸುಳಿವು ಕೊಟ್ಟದ್ದು ಕಂಪನವಲ್ಲ, ನಿಮಿಷಗಟ್ಟಲೆ ನಿಧಾನಕ್ಕೆ ನಡೆಯುವ ಹಿಗ್ಗುವಿಕೆ. ಶಿಲಾಪಾಕ ಬಿರುಕು ಸೀಳಿಕೊಂಡು ನುಗ್ಗುವಾಗ ಕೇಬಲ್‌ನ ಒಂದು ಭಾಗ ಹಿಗ್ಗುತ್ತದೆ, ಪಕ್ಕದ ಭಾಗ ಕುಗ್ಗುತ್ತದೆ. ಇದನ್ನು ನೋಡಿ, ಲಾವಾ ಹೊರಬೀಳುವ ಅರ್ಧ ಗಂಟೆಯಿಂದ ಕೆಲವು ಗಂಟೆ ಮೊದಲೇ ಎಚ್ಚರಿಸಲು ಸಾಧ್ಯವೆಂದು ತೋರಿಸಿದರು.

ಪುಸ್ತಕಗಳಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ ತಲೆನೋವು ಇನ್ನೊಂದಿದೆ. ಇಂಟರಾಗೇಟರ್‌ಗೆ ಗೊತ್ತಿರುವುದು ಗಾಜಿನ ಉದ್ದ ಮಾತ್ರ, ನಕ್ಷೆಯಲ್ಲ. ಕೇಬಲ್ ದಾರಿಯ ನೆಲದಡಿಯ ಚೇಂಬರಿನಲ್ಲಿ ಯಾರೋ 30 ಮೀಟರ್ ಹೆಚ್ಚುವರಿ ಕೇಬಲ್ ಸುತ್ತಿಟ್ಟಿದ್ದರೆ, ಅಲ್ಲಿಂದಾಚೆಯ ಎಲ್ಲ ಬಿಂದುಗಳೂ ನಕ್ಷೆಯಲ್ಲಿ 30 ಮೀಟರ್ ಮುಂದೆ ಜರುಗುತ್ತವೆ. ಅದಕ್ಕೇ ಟ್ಯಾಪ್ ಟೆಸ್ಟ್: ಜಿಪಿಎಸ್ ಹಿಡಿದು ಕೇಬಲ್ ಗುಂಟ ನಡೆಯುತ್ತಾ, ಅಲ್ಲಲ್ಲಿ ನಿಂತು ಸುತ್ತಿಗೆಯಿಂದ ನೆಲ ಕುಟ್ಟುವುದು, ಪರದೆಯ ಮೇಲೆ ಯಾವ ಚಾನೆಲ್ (ಕೇಬಲ್‌ನ ಅಳತೆ ಬಿಂದು) ಮಿಸುಕಿತೆಂದು ಬರೆದುಕೊಳ್ಳುವುದು.