ಗೇಮ್ ಏಳದಿದ್ದರೆ ಮೊದಲು ಡಿಸ್ಕ್ ನೋಡಿ

"ಸರ್, ಲಿನಕ್ಸ್ ಹಾಕಿದ್ಮೇಲೆ ಗೇಮ್ ಓಪನ್ನೇ ಆಗ್ತಿಲ್ಲ. ಪ್ಲೇ ಒತ್ತಿದ್ರೆ ಎರಡು ಸೆಕೆಂಡ್ ಓಡಿದ ಹಾಗೆ ಮಾಡಿ ನಿಂತುಬಿಡುತ್ತೆ."

2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಸಪೋರ್ಟ್ ಮುಗಿದು, ಜನ ಅದರ ಬದಲು ಲಿನಕ್ಸ್ ಹಾಕಿಕೊಳ್ಳತೊಡಗಿದ ಮೇಲೆ ನನ್ನ ರಿಪೇರಿ ಅಂಗಡಿಗೆ ಈ ದೂರು ಜಾಸ್ತಿ ಬರುತ್ತಿದೆ. ನಾನು ಮೊದಲು ಕೇಳುವುದು, ಗೇಮ್ ಯಾವ ಡ್ರೈವ್‌ನಲ್ಲಿದೆ ಅಂತ. "ಹಳೇ ಡಿ ಡ್ರೈವ್‌ನಲ್ಲೇ ಸರ್. ನೂರು ಜಿಬಿ ಮತ್ತೆ ಯಾರು ಇಳಿಸ್ಕೋತಾರೆ?"

ಎಡವಟ್ಟು ಅಲ್ಲೇ ಇರುತ್ತದೆ.

ಗೇಮ್ ಕೊಂಡು ಇಳಿಸಿಕೊಳ್ಳುವ ಸ್ಟೀಮ್ ಆ್ಯಪ್‌ನಲ್ಲಿ, ಲಿನಕ್ಸ್ ಮೇಲೆ ವಿಂಡೋಸ್ ಗೇಮ್ ಓಡಿಸುವುದು ಪ್ರೋಟಾನ್ ಎಂಬ ಸಾಫ್ಟ್‌ವೇರ್. ವಾಲ್ವ್ ಕಂಪನಿ ಇದನ್ನು 2018ರಲ್ಲಿ ತಂದಿತು. ಒಳಗಿರುವುದು 1993ರಿಂದ ಬೆಳೆದು ಬಂದ ವೈನ್. ಗೇಮ್ ವಿಂಡೋಸ್ ಭಾಷೆಯಲ್ಲಿ ಕೇಳಿದ್ದನ್ನು ಲಿನಕ್ಸ್‌ಗೆ ತಿಳಿಯುವ ಹಾಗೆ ಒಪ್ಪಿಸುವ ದುಭಾಷಿ ಅನ್ನಿ. ಚಿತ್ರ ಬಿಡಿಸಲು ವಿಂಡೋಸ್ ಗೇಮ್ ಕೊಡುವ ಡೈರೆಕ್ಟ್‌ಎಕ್ಸ್ (11ರವರೆಗಿನ) ಆಜ್ಞೆಗಳನ್ನು, ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್ ಆಜ್ಞೆಗಳಿಗೆ ಬದಲಿಸುವ ಕೆಲಸ ಅದರೊಳಗಿನ ಡಿಎಕ್ಸ್‌ವಿಕೆಯದು.

ಪ್ರೋಟಾನ್ ಪ್ರತಿ ಗೇಮ್‌ಗೂ, ಆ ಗೇಮ್ ಇರುವ ಡ್ರೈವ್‌ನಲ್ಲೇ, ಒಂದೊಂದು ಸುಳ್ಳು ಸಿ ಡ್ರೈವ್ ಕಟ್ಟುತ್ತದೆ. ಅದರಲ್ಲಿ 'ಸಿ:' ಎಂಬ ಹೆಸರಿನದೇ ಒಂದು ಲಿಂಕ್ ಇರಬೇಕು. ವಿಂಡೋಸ್‌ನಲ್ಲಿ ಫೈಲ್ ಹೆಸರಿಗೆ ಈ ಎರಡು ಚುಕ್ಕಿ (:) ನಿಷಿದ್ಧ. ಹಳೇ ಡಿ ಡ್ರೈವ್ ಇರುವುದು ವಿಂಡೋಸ್‌ನ ಎನ್‌ಟಿಎಫ್‌ಎಸ್ ಮಾದರಿಯಲ್ಲಿ; ಅದು ಆ ನಿಯಮ ಪಾಲಿಸಿದರೆ ಲಿಂಕ್ ಹುಟ್ಟುವುದೇ ಇಲ್ಲ, ಗೇಮ್ ಏಳುವುದಿಲ್ಲ. ಪಾಲಿಸದಿದ್ದರೆ ಇವತ್ತು ಆಡಬಹುದು, ನಾಳೆ ವಿಂಡೋಸ್‌ಗೆ ಹೋದಾಗ ಡಿಸ್ಕ್ ಚೆಕ್ ತಕರಾರು ತೆಗೆಯುತ್ತದೆ. ಸಾಲದ್ದಕ್ಕೆ, ವಿಂಡೋಸ್ ಬೇಗ ಶುರುವಾಗಲೆಂದು ಇರುವ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಡ್ರೈವ್ ಅರ್ಧ ನಿದ್ದೆಯಲ್ಲೇ ಉಳಿದು, ಲಿನಕ್ಸ್‌ನಲ್ಲಿ ಓದಲಷ್ಟೇ ತೆರೆಯುತ್ತದೆ.

ನನ್ನ ಮದ್ದು ಒಂದೇ: ಡಿಸ್ಕ್‌ನಲ್ಲಿ ಲಿನಕ್ಸ್‌ನದೇ ಮಾದರಿಯಾದ ಇಎಕ್ಸ್‌ಟಿ4ರ (ext4) ಪಾರ್ಟಿಷನ್ ಮಾಡಿ, ಅಲ್ಲಿ ಸ್ಟೀಮ್ ಲೈಬ್ರರಿ ಇಡುವುದು. ಗೇಮ್ ಫೋಲ್ಡರನ್ನು ಅದರ 'ಕಾಮನ್' ಫೋಲ್ಡರ್‌ಗೆ ಕಾಪಿ ಮಾಡಿ ಇನ್‌ಸ್ಟಾಲ್ ಒತ್ತಿದರೆ, ಸ್ಟೀಮ್ ಇರುವ ಫೈಲ್‌ಗಳನ್ನು ಗುರುತು ಹಿಡಿದು ಕಡಿಮೆ ಬಿದ್ದದ್ದನ್ನಷ್ಟೇ ಇಳಿಸಿಕೊಳ್ಳುತ್ತದೆ. ನೂರು ಜಿಬಿ ಭಯ ಬೇಡ.

ಆಮೇಲೂ ಏಳದಿದ್ದರೆ ಗ್ರಾಫಿಕ್ಸ್ ಡ್ರೈವರ್ ನೋಡುತ್ತೇನೆ. ತುಂಬಾ ಹಳೆಯ ಕಾರ್ಡ್‌ಗೆ ವಲ್ಕನ್ ಇರುವುದಿಲ್ಲ, ಅದಕ್ಕೆ ಸುಮ್ನೆ ಹೆಣಗಬೇಡಿ.

ಆಂಟಿ-ಚೀಟ್, ಅಂದರೆ ಆನ್‌ಲೈನ್ ಆಟದಲ್ಲಿ ಮೋಸ ಹಿಡಿಯುವ ಸಾಫ್ಟ್‌ವೇರ್, ಮಾತ್ರ ನನ್ನ ಕೈಯಲ್ಲಿಲ್ಲ. ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಎರಡೂ 2021ರಿಂದ ಪ್ರೋಟಾನ್‌ಗೆ ಒಗ್ಗುತ್ತವೆ, ಆದರೆ ಗೇಮ್ ಮಾಡಿದವರು ಒಪ್ಪಬೇಕು. ವ್ಯಾಲೊರೆಂಟ್ ಗೇಮ್‌ನ ಆಂಟಿ-ಚೀಟ್ ವ್ಯಾನ್‌ಗಾರ್ಡ್ ವಿಂಡೋಸ್‌ನ ತಿರುಳಾದ ಕರ್ನಲ್‌ನಲ್ಲೇ ಕೂರುವಂಥದ್ದು, ಲಿನಕ್ಸ್‌ನಲ್ಲಿ ಅದಕ್ಕೆ ಜಾಗವಿಲ್ಲ. ಅದಕ್ಕೋಸ್ಕರ ಬಂದವರ ಹತ್ತಿರ ದುಡ್ಡು ತೆಗೆದುಕೊಳ್ಳದೆ ವಾಪಸ್ ಕಳಿಸುತ್ತೇನೆ.