ರಾಗಿಗಿಂತ ಮುಂಚೆ ಮಿಲ್ಲಿಗೆ ಏನು ಹಾಕಿದ್ದರು?

ಗ್ಲುಟನ್, ಅಂದರೆ ಗೋಧಿ, ಬಾರ್ಲಿಯಲ್ಲಿರುವ ಪ್ರೋಟೀನ್, ಬಿಡಬೇಕು ಅಂತ ಡಾಕ್ಟರ್ ಹೇಳಿದ ಮಾರನೇ ದಿನವೇ ಜನ ಆನ್‌ಲೈನಿನಲ್ಲಿ ಪ್ಯಾಕೆಟ್ ತರಿಸಲು ಶುರು ಮಾಡುತ್ತಾರೆ. ಗ್ಲುಟನ್ ಇಲ್ಲದ ಪಾಸ್ತಾ, ಬ್ರೆಡ್ಡು, ಬಿಸ್ಕತ್ತು. ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಹಾಸನದಲ್ಲಿ ಡಯಟಿಷಿಯನ್ ಆಗಿ ಕೂತು ಇದನ್ನು ನೋಡುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕಟ್ಟಿನಕೆರೆ ಮಾರುಕಟ್ಟೆ ಕಡೆ ಒಂದು ಸುತ್ತು ಹಾಕಿ ಬನ್ನಿ. ರಾಗಿ, ಅಕ್ಕಿ, ಜೋಳ, ನವಣೆ, ಬೇಳೆಕಾಳು, ಆಲೂಗಡ್ಡೆ, ಯಾವುದರಲ್ಲೂ ಗ್ಲುಟನ್ ಇಲ್ಲ. ಮುದ್ದೆ, ಅಕ್ಕಿ ರೊಟ್ಟಿ, ಕಡುಬು, ಒತ್ತು ಶಾವಿಗೆ, ನುಚ್ಚಿನುಂಡೆ ತಿಂದು ಬೆಳೆದವರಿಗೆ ರುಚಿಯ ಕೊರತೆ ಎಲ್ಲಿಂದ ಬರಬೇಕು? ಮೈದಾ, ಚಿರೋಟಿ ರವೆ, ಉಪ್ಪಿಟ್ಟಿನ ರವೆ ಎಲ್ಲ ಗೋಧಿಯೇ ಅನ್ನೋದು ನಿಮಗೆ ಗೊತ್ತೇ ಇದೆ. ಅದನ್ನು ಬಿಡಿಸಿ ಹೇಳುವುದಿಲ್ಲ.

ಬಿಡಿಸಿ ಹೇಳಬೇಕಾದ್ದು ಮಿಲ್ಲಿನ ವಿಷಯ. ಎಷ್ಟು ಸಲ ಹೇಳಿದರೂ ಇದು ಯಾರ ತಲೆಗೂ ಇಳಿಯುತ್ತಿಲ್ಲ.

ಆಲೂರು ಕಡೆಯ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗನಿಗೆ ಸಿಲಿಯಾಕ್ ಕಾಯಿಲೆ, ಅಂದರೆ ಗ್ಲುಟನ್ ತಿಂದರೆ ಸಣ್ಣ ಕರುಳಿಗೆ ಹಾನಿಯಾಗುವ ಕಾಯಿಲೆ. ಪಥ್ಯ ಶುರುವಾಗಿ ತಿಂಗಳುಗಳಾದರೂ ರಕ್ತದ ಟಿಟಿಜಿ ಅಂಕಿ (ಈ ಕಾಯಿಲೆ ಗುರುತಿಸಲು ನೋಡುವ ರಕ್ತಪರೀಕ್ಷೆಯ ಅಂಕಿ) ಇಳಿದಿರಲಿಲ್ಲ. "ಬಿಸ್ಕತ್ತು ಮುಟ್ಟಿಲ್ಲ ಮೇಡಂ, ದಿನಾ ಮುದ್ದೇನೇ" ಅಂತ ಆ ತಾಯಿ ಅಳುವುದೊಂದು ಬಾಕಿ. "ಹಿಟ್ಟು ಎಲ್ಲಿ ಮಾಡಿಸ್ತೀರಮ್ಮ?" ಅಂದೆ. "ನಮ್ಮೂರ ಮಿಲ್ಲಲ್ಲೇ."

ಒಮ್ಮೆ ಮಿಲ್ಲಿನಲ್ಲಿ ನಿಂತು ನೋಡಿ. ಗೋಧಿಯವರು ಮೊದಲೇ ಹೇಳಿರುತ್ತಾರೆ: "ರಾಗಿ ಆದ್ಮೇಲೆ ನಂದು ಹಾಕ್ಬೇಡಪ್ಪ, ಚಪಾತಿ ಕಪ್ಪಗಾಗುತ್ತೆ." ಹಾಗಾಗಿ ಗೋಧಿ ಮುಂಚೆ, ರಾಗಿ ಆಮೇಲೆ. ಮಿಲ್ಲಿನವನು ಹಿಟ್ಟು ಬೀಳುವ ಬಟ್ಟೆ ಚೀಲಕ್ಕೆ ಕೋಲಿನಿಂದ ನಾಲ್ಕು ಬಾರಿಸುತ್ತಾನೆ, ಅಷ್ಟೇ ಕ್ಲೀನಿಂಗು. ನಿಮ್ಮ ಡಬ್ಬ ಇಟ್ಟು ರಾಗಿ ಸುರಿದಾಗ ಮೊದಲು ಬೀಳುವ ಹಿಟ್ಟನ್ನು ಗಮನಿಸಿ. ಬೆಳ್ಳಗಿರುತ್ತದೆ. ಕ್ರಮೇಣ ರಾಗಿ ಬಣ್ಣಕ್ಕೆ ತಿರುಗುತ್ತದೆ. ಆ ಬೆಳ್ಳಗಿನದು ನಿಮ್ಮ ಮುಂದೆ ಇದ್ದವರ ಗೋಧಿ. ಮನೆಗೆ ಬಂದು ಕಲಸಿದ ಮೇಲೆ ಅದು ಕಣ್ಣಿಗೂ ಕಾಣುವುದಿಲ್ಲ, ನಾಲಿಗೆಗೂ ಗೊತ್ತಾಗುವುದಿಲ್ಲ.

"ಅಷ್ಟು ಚೂರಿಗೆ ಏನಾಗುತ್ತೆ?" ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ಹೇಳುತ್ತೇನೆ, ದಯವಿಟ್ಟು ಕೇಳಿ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಗ್ಲುಟನ್ ಇಲ್ಲ ಅಂತ ಬರೆಯಬೇಕಾದರೆ ಒಂದು ಕೆಜಿಗೆ 20 ಮಿಲಿಗ್ರಾಂ ಮೀರುವಂತಿಲ್ಲ. ಗೋಧಿ ಹಿಟ್ಟಿನ ತೂಕದಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಭಾಗ ಗ್ಲುಟನ್ನೇ. ಅಂದರೆ ಐದು ಕೆಜಿ ರಾಗಿಹಿಟ್ಟಿಗೆ ಒಂದು ಟೀ ಚಮಚ ಗೋಧಿ ಹಿಟ್ಟು ಬೆರೆತರೂ ಮಿತಿ ದಾಟಿಬಿಡುತ್ತದೆ. ಮಿಲ್ಲಿನಲ್ಲಿ ಸೇರುವುದು ಒಂದು ಚಮಚವೇ? ಖಾರದ ಪುಡಿ ಮಾಡಿದ ಮೆಷಿನ್ನಿಗೆ ಯಾರೂ ಅಕ್ಕಿ ಹಾಕಿಸುವುದಿಲ್ಲ ಅಲ್ವಾ? ಸಿಲಿಯಾಕ್ ಇದ್ದವರಿಗೆ ಗೋಧಿಯೂ ಹಾಗೆಯೇ. ಹೊಟ್ಟೆ ನೋಯದಿದ್ದರೂ ಒಳಗೆ ಸಣ್ಣ ಕರುಳಿನ ಗೋಡೆ ಹಾಳಾಗುತ್ತಾ ಇರಬಹುದು.

ಮಿಲ್ಲಿನವರನ್ನು ಬೈಯಬೇಡಿ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಈ ಕಾಯಿಲೆ ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಜಾಸ್ತಿ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರು. ಹಾಗಾಗಿ ಮಿಲ್ಲಿನವರು ಇದರ ಹೆಸರೇ ಕೇಳಿರುವುದಿಲ್ಲ. ರಾಗಿಗೇ ಬೇರೆ ಮೆಷಿನ್ ಇಟ್ಟಿರುವ ಮಿಲ್ ಸಿಕ್ಕರೆ ಒಳ್ಳೆಯದು. ಅಲ್ಲೂ ಗಾಳಿಯಲ್ಲಿ ಗೋಧಿ ಹಿಟ್ಟು ಹಾರಾಡುತ್ತಿರುತ್ತದೆ, ಹಾಗಾಗಿ ಪೂರ್ತಿ ಭರವಸೆ ಕೊಡಲಾರೆ. ಕಾಳು ತಂದು, ಜರಡಿ ಹಿಡಿದು, ತೊಳೆದು ಒಣಗಿಸಿ, ಸ್ವಲ್ಪ ಸ್ವಲ್ಪವೇ ಮನೆಯ ಮಿಕ್ಸಿಯಲ್ಲಿ ಪುಡಿ ಮಾಡಿಕೊಳ್ಳುವುದು ನನಗೆ ಹೆಚ್ಚು ಸಮಾಧಾನ. ನೀರು ದೋಸೆ, ಇಡ್ಲಿಗೆ ಅಕ್ಕಿ ನೆನೆಸಿ ರುಬ್ಬುವುದರಿಂದ ಮಿಲ್ಲಿನ ಗೊಡವೆಯೇ ಇಲ್ಲ.

ಆ ಹುಡುಗನ ಅಂಕಿ ಆಮೇಲೆ ಇಳಿಯತೊಡಗಿತು. ಮಿಲ್ಲೊಂದೇ ಕಾರಣ ಅಂತ ಖಂಡಿತವಾಗಿ ಹೇಳಲಾರೆ, ಯಾಕೆಂದರೆ ಅದೇ ಹೊತ್ತಿಗೆ ಇಂಗನ್ನೂ ಬದಲಿಸಿದ್ದರು. ಹೌದು, ಇಂಗು! ಅಂಗಡಿಯ ಇಂಗಿನ ಡಬ್ಬಿ ತಿರುಗಿಸಿ ಓದಿ. ಎಷ್ಟೋ ಡಬ್ಬಿಗಳಲ್ಲಿ ಅಂಟು, ಇಂಗಿನ ಜೊತೆ ಗೋಧಿ ಹಿಟ್ಟೋ ಮೈದಾನೋ ಇರುತ್ತದೆ. ಅಕ್ಕಿ ಹಿಟ್ಟು ಹಾಕಿದ ಇಂಗೂ ಸಿಗುತ್ತದೆ, ಕೇಳಿ ತನ್ನಿ. ಇಲ್ಲದಿದ್ದರೆ ಬೆಳ್ಳುಳ್ಳಿ ಒಗ್ಗರಣೆ ಸಾಕು.

ಕುರುಕಲು ಬೇಕೆಂದರೆ ಕಡಲೆಪುರಿ, ಹುರಿದ ಕಡಲೆಕಾಯಿ, ಎಳ್ಳುಂಡೆ ಆಗುತ್ತದೆ. ಕಾಂಡಿಮೆಂಟ್ಸ್ ಅಂಗಡಿಯ ನಿಪ್ಪಟ್ಟು, ಕೋಡುಬಳೆಗೆ ಮೈದಾ ಸೇರಿಸುವವರು ಜಾಸ್ತಿ. ಅಯ್ಯಂಗಾರ್ ಬೇಕರಿಗಳ ತವರು ನಮ್ಮ ಜಿಲ್ಲೆ, ನನಗೂ ಆ ವಾಸನೆ ಬಲು ಇಷ್ಟ. ಆದರೆ ಬೇಕರಿಯ ರಾಗಿ ಬಿಸ್ಕತ್ತನ್ನು ಹೆಸರು ನೋಡಿ ನಂಬಬೇಡಿ, ಮೈದಾ ಹಾಕಿದ್ದಾರಾ ಅಂತ ಕೇಳಿ.

ಕುಡಿಯುವುದರಲ್ಲಿ ಫಿಲ್ಟರ್ ಕಾಫಿಗೆ ಯಾವ ಅಡ್ಡಿಯೂ ಇಲ್ಲ, ಚಿಕೋರಿ ಬೆರೆತಿದ್ದರೂ ಸರಿ. ಎಳನೀರು, ಮಜ್ಜಿಗೆ, ಜೀರಿಗೆ ಕಷಾಯ ಎಲ್ಲ ಕುಡಿಯಬಹುದು. ಹಾರ್ಲಿಕ್ಸ್, ಬೂಸ್ಟ್ ಬೇಡ, ಅವುಗಳಲ್ಲಿ ಬಾರ್ಲಿ ಇದೆ. ಮನೆಯ ರಾಗಿ ಮಾಲ್ಟ್ ಆಗಬಹುದು. ಅಂಗಡಿಯದಾದರೆ ಗೋಧಿ, ಬಾರ್ಲಿ ಬೆರೆಸಿದ್ದಾರಾ ನೋಡಿ.

ಇದನ್ನು ಓದಿ, ನನಗೂ ಹೊಟ್ಟೆ ಉಬ್ಬರ ಬರುತ್ತದೆ ಅಂತ ನಾಳೆಯಿಂದಲೇ ಸುಮ್ನೆ ಗೋಧಿ ಬಿಡಬೇಡಿ. ಮೊದಲು ಡಾಕ್ಟರ್ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಗೋಧಿ ಬಿಟ್ಟು ಕೆಲಕಾಲವಾದ ಮೇಲೆ ಹೋದರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು. ಆಗ ಮತ್ತೆ ಕೆಲವು ವಾರ ಗೋಧಿ ತಿಂದು ಪರೀಕ್ಷೆಗೆ ಬರಬೇಕಾಗುತ್ತದೆ.